ಎಲ್ಲಾ ಮಾಸ್ಕಿನ ತಪ್ಪು

ಸಿರಿಂಜು ಹಿಡಿದು ನಿಂತ ನನ್ನ ಏದುಸಿರು ಕೇಳಿ, ಮಂಚದ ಮೇಲಿದ್ದ ಅಜ್ಜಿ ಕೇಳಿದರು: “ಯಾಕಪ್ಪಾ, ಹುಷಾರಿಲ್ವಾ?”

“ಎಲ್ಲಾ ಈ ಮಾಸ್ಕಿಂದ ಅಜ್ಜಿ. ಉಸಿರು ಕಟ್ಟುತ್ತೆ, ನಾಡಿ ಜೋರಾಗುತ್ತೆ. ನಮ್ಮಂಥ ನರ್ಸುಗಳ ಕಷ್ಟ ಯಾರಿಗೆ ಗೊತ್ತಾಗುತ್ತೆ?”

ಸಾಕ್ಷಿಗೆಂದು ನಾಡಿ ನೋಡುವ ಯಂತ್ರವನ್ನು ನನ್ನ ಬೆರಳಿಗೇ ಸಿಕ್ಕಿಸಿ ತೋರಿಸಿದೆ. ನೂರಿಪ್ಪತ್ತು.

“ಹಂಗಾದ್ರೆ ಒಂದ್ಗಳಿಗೆ ತೆಗಿ.”

ಕಿಟಕಿಯತ್ತ ತಿರುಗಿ ಮಾಸ್ಕ್ ಇಳಿಸಿ, ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ಯಂತ್ರ ನೋಡಿದೆ. ನೂರಮೂವತ್ತು.

“ಈ ಯಂತ್ರನೂ ಕೆಟ್ಟಿದೆ,” ಎಂದೆ.

ಅಜ್ಜಿ ಒಮ್ಮೆ ಸೂಜಿಯನ್ನು, ಒಮ್ಮೆ ನನ್ನ ಮುಖವನ್ನು ನೋಡಿದರು. ಆಮೇಲೆ ತಾವೇ ರವಿಕೆಯ ತೋಳು ಮೇಲೆ ಸರಿಸಿ, ನನ್ನ ಬೆನ್ನು ಸವರಿದರು.

“ಮೊದಲ್ನೇ ಸಲನಾ ಮಗಾ? ಹೆದರ್ಕೋಬೇಡ. ಇರುವೆ ಕಚ್ಚಿದಂಗಾಗುತ್ತೆ, ಅಷ್ಟೆ.”