ದೊಡ್ಡ ಪಿಸ್ಟನ್

ಗಂಡನ ದಿನಕರ್ಮ ಮುಗಿಸಿ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಇಬ್ಬರಿಗಷ್ಟೇ ಚಹಾ ಮಾಡಿದೆ. ಅತ್ತೆ ಕಪ್ಪು ಎತ್ತುವ ಮೊದಲೇ ಮೌನೇಶ ಬಾಗಿಲಿಗೆ ಬಂದು ಕೈಮುಗಿದು ನಿಂತ. ನನ್ನ ಗಂಡನ ಹಳೆಯ ಮೋಟರ್‌ಸೈಕಲ್ಲಿಗೆ ದೊಡ್ಡ ಪಿಸ್ಟನ್ ಕೂರಿಸಿ ಎಂಜಿನ್ನಿನ ಶಕ್ತಿ ಹೆಚ್ಚಿಸಿಕೊಟ್ಟ ಮೆಕ್ಯಾನಿಕ್ ಅವನು. ಅದಾದ ನಾಲ್ಕನೆಯ ದಿನ, ಇಳಿಜಾರಿನಲ್ಲಿ ಗಾಡಿ ನಿಲ್ಲದೆ ಲಾರಿಗೆ ಹೊಡೆದು ನನ್ನ ಗಂಡ ತೀರಿಕೊಂಡರು.

“ನನ್ನ ಮಗನ್ನ ನುಂಗಿದಿ. ಇನ್ನೇನು ಉಳದೈತಂತ ಬಂದಿ?” ಎಂದರು ಅತ್ತೆ.

“ನಾ ಬ್ಯಾಡ ಅಂದಿದ್ನಿ ಯವ್ವಾ. ಎಂಜಿನ್ ಜೋರು ಮಾಡಿದ್ರ ಬ್ರೇಕೂ ಬದಲಿ ಮಾಡಬೇಕು, ಹಳೇದು ತಡಿಯೂದಿಲ್ಲ ಅಂದೆ. ‘ಓದಿದವರು ಲೆಕ್ಕಾ ಹಾಕ್ಯಾರ, ಹಳೇ ಬ್ರೇಕ್ ಸಾಕು’ ಅಂತ ನಿನ್ನ ಮಗ ಒಂದು ಚೀಟಿ ತಂದು ತೋರಿಸಿದ.”

“ಯಾರಂವ, ಅಷ್ಟು ಓದಿದಾಂವ? ಹೆಸರು ಹೇಳು. ಅವನ ಮನಿ ಮುಂದ ನಿಂತು ಹಿಡಿ ಮಣ್ಣು ತೂರಿ ಶಾಪ ಹಾಕ್ತೀನಿ.”

ಮೌನೇಶ ನೆಲ ನೋಡಿದ. “ಹೆಸರು ಕೇಳಲಿಲ್ಲ ಯವ್ವಾ. ಗಾಡಿ ಬಿಚ್ಚಿದಾಂವ ನಾನು, ತಪ್ಪೂ ನಂದಽ. ಮಣ್ಣು ನನಗಽ ತೂರು.”

ಅತ್ತೆ ಅಂಗಳಕ್ಕಿಳಿದು ಬಗ್ಗಿದರು. ಎದ್ದಾಗ ಅವರ ಮುಷ್ಟಿ ತುಂಬಿತ್ತು. ಮೌನೇಶ ಕದಲಲಿಲ್ಲ.

ನಾನು ಒಳಗೆ ಹೋಗಿ, ಲೆಕ್ಕಕ್ಕೆಂದು ನನ್ನ ಗಂಡ ಅವನಿಂದ ಎರವಲು ತಂದಿದ್ದ ಪಿಸ್ಟನ್ ಅಳೆಯುವ ಮಾಪಕವನ್ನು ತಂದು ಅವನ ಕೈಗಿಟ್ಟೆ. ಆಮೇಲೆ ಅವನನ್ನು ಪಕ್ಕಕ್ಕೆ ಸರಿಸಿ, ಅತ್ತೆಯ ಎದುರು ನಿಂತೆ.

“ಆ ಚೀಟಿ ಬರದಾಕಿ ನಾನಽ, ಅತ್ತಿ.”