ಎರಡೂವರೆ ಕಿಲೋದ ಕೋವಿ

"ಒಂದೇ ಏಟಿಗೆ ಮುಗಿಯಬೇಕು," ಎಂದರು ಬೀಬಿ. "ನರಳಾಟ ಇರಬಾರದು."

ಜರ್ಟ್ರೂಡಳ ಕೈಯಿಂದ ಮಾತ್ರೆಯ ಡಬ್ಬಿ ಜಾರಿತು. ಹಾಸಿಗೆಯ ತುಂಬ ಕೋವಿಗಳ ಚಿತ್ರವಿದ್ದ ಪುಸ್ತಕಗಳು. ನೆಲದ ಮೇಲೆ ಕೂತ ಅಲಿಯಬ್ಬ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಒಂದೊಂದರ ತೂಕ ಓದಿ ಹೇಳುತ್ತಿದ್ದ.

ಮನೆಯೊಡತಿ ಬೀಬಿಗೆ ಎಪ್ಪತ್ತೆಂಟು. ಹೊಟ್ಟೆಯಲ್ಲಿ ಕ್ಯಾನ್ಸರ್, ಡಾಕ್ಟರು ಹೇಳಿದ್ದು ಮೂರು ತಿಂಗಳು. ಕೊಲ್ಲಿ ದೇಶದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಆ ಹಳೆಯ ವಿಲ್ಲಾದಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಜರ್ಟ್ರೂಡ್ ಬಂಟ್ವಾಳದವಳು. ಅಲಿಯಬ್ಬ ಉಪ್ಪಿನಂಗಡಿಯವನು, ಮೂವತ್ತು ವರ್ಷದಿಂದ ಆ ಮನೆಯ ಡ್ರೈವರ್. ಬೀಬಿಯ ಗಂಡ ಬದುಕಿದ್ದಾಗ ಬೇಟೆಯ ತೋಟೆಗಳಿಗೆ ಮದ್ದು, ಗುಂಡು ಕೈಯಾರೆ ತುಂಬಿಕೊಡುತ್ತಿದ್ದವನೂ ಅವನೇ.

"ಮೂರು ಕಿಲೋ ಭಾರವಾಯಿತು. ಭುಜ ತೆಳು," ಬೀಬಿ ತಲೆಯಾಡಿಸಿದರು. "ಎರಡೂವರೆ ದಾಟಬಾರದು."

"ಕೋವಿ ಹಗುರವಾದಷ್ಟೂ ಹಿಂದಕ್ಕೆ ಒದೆಯುವುದು ಜಾಸ್ತಿ, ಬೀಬಿ. ಏಳು ಮಿಲಿಮೀಟರ್ ನಳಿಗೆಯದು ಬೇಡ, ಆರೂವರೆಯದು ಸಾಕು. ಅಂಗಡಿಯ ತೋಟೆಯೂ ಬೇಡ. ಮದ್ದು ತುಸು ಕಡಿಮೆ ಹಾಕಿ ನಾನೇ ತುಂಬುತ್ತೇನೆ."

"ಬೇಗ ಮಾಡು. ನನ್ನ ಹತ್ತಿರ ದಿನಗಳಿಲ್ಲ."

ಅವರ ಅರಬ್ಬಿಯಲ್ಲಿ ಜರ್ಟ್ರೂಡಳಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ತಿಳಿದ ಅರ್ಧವೇ ಅವಳ ನಿದ್ದೆ ಕೆಡಿಸಲು ಸಾಕಾಯಿತು.

ಆ ವಾರ ಬೀಬಿ ತಮ್ಮ ಬಳೆಗಳನ್ನೆಲ್ಲ ಸೊಸೆಯಂದಿರಿಗೆ ಹಂಚಿದರು. ನೋವಿನ ಇಂಜೆಕ್ಷನ್ ಬೇಡವೆಂದರು. "ತಲೆ ಮಂಕಾಗುತ್ತದೆ. ಶುಕ್ರವಾರ ಮುಗಿಯಲಿ." ಹಲ್ಲು ಕಚ್ಚಿ ನೋವು ತಡೆದುಕೊಳ್ಳುತ್ತಲೇ ಅವರು ನಗುತ್ತಿದ್ದರು. ಆ ನಗುವನ್ನು ಜರ್ಟ್ರೂಡ್ ಹಿಂದೆಯೂ ನೋಡಿದ್ದಳು. ಆರು ವರ್ಷದ ಹಿಂದೆ ಅವಳ ತಮ್ಮ ಕ್ಲಿಫರ್ಡ್ ಹೀಗೆಯೇ ನಗುನಗುತ್ತ ತನ್ನ ವಾಚು, ಗಿಟಾರು, ಒಳ್ಳೆಯ ಶರಟುಗಳನ್ನೆಲ್ಲ ಹಂಚಿದ್ದ. ಮರುವಾರ ಅವನನ್ನು ಬಾವಿಯಿಂದ ಮೇಲೆತ್ತಿದರು. ನರ್ಸ್ ಆಗಿಯೂ ತನಗೆ ಗೊತ್ತಾಗಲಿಲ್ಲವಲ್ಲ ಎಂಬ ಕೊರಗು ಅವಳನ್ನು ಇನ್ನೂ ಬಿಟ್ಟಿರಲಿಲ್ಲ.

ಇನ್ನೊಮ್ಮೆ ಹಾಗಾಗಲು ಬಿಡಬಾರದು. ಅವಳು ದೊಡ್ಡ ಮಗ ನಾಸಿರನ ಬಳಿ ಹೋದಳು. "ಸರ್, ಬೀಬಿ ಕೋವಿ ತರಿಸುತ್ತಿದ್ದಾರೆ..."

"ಗೊತ್ತು ಸಿಸ್ಟರ್. ಅಮ್ಮನ ಕೊನೆಯಾಸೆ. ಅಡ್ಡ ಬರಬೇಡ," ಎಂದ ಅವನು. ಅವನ ಕಣ್ಣು ಒದ್ದೆಯಾಗಿತ್ತು. ಹೆತ್ತ ಮಗನೇ ಒಪ್ಪಿಬಿಟ್ಟಿದ್ದಾನೆ!

ಉಳಿದವನು ಅಲಿಯಬ್ಬ. "ಕಾಕಾ, ನಿಮ್ಮ ದಮ್ಮಯ್ಯ, ಆ ತೋಟೆ ಮಾತ್ರ ತುಂಬಬೇಡಿ."

"ಎಂತ ಸಿಸ್ಟರ್ ನೀವು! ಕೋವಿ ಅಂದ್ರೆ ಅಷ್ಟು ಹೆದರಿಕೆಯಾ?" ಅಲಿಯಬ್ಬ ನಕ್ಕ. "ಬೀಬಿ ನನ್ನತ್ರ ಇಷ್ಟು ವರ್ಷದಲ್ಲಿ ಕೇಳಿದ್ದು ಇದೊಂದೇ. ಇಲ್ಲ ಅಂತ ಹೇಗೆ ಹೇಳುವುದು?"

ಗುರುವಾರ ಮಧ್ಯಾಹ್ನ ಗ್ಯಾರೇಜಿನ ಮೇಜಿನ ಮೇಲೆ ತೋಟೆಯ ಖಾಲಿ ಹಿತ್ತಾಳೆ ಕೊಳವೆಯೊಂದು ನಿಂತಿತ್ತು. ಅಲಿಯಬ್ಬ ಪುಟ್ಟ ತಕ್ಕಡಿಯಲ್ಲಿ ಮದ್ದು ತೂಗಿ ಅದರೊಳಗೆ ಸುರಿದ. ಅಷ್ಟರಲ್ಲಿ ಅಸರ್ ನಮಾಜಿನ ಕರೆ ಕೇಳಿತು. ಅವನು ಕೈಕಾಲು ತೊಳೆಯಲು ಹೋದ.

ಜರ್ಟ್ರೂಡ್ ಒಳಗೆ ನುಗ್ಗಿದಳು. ಕೊಳವೆಯನ್ನು ಬೋರಲು ಹಾಕಿದಳು. ಮದ್ದು ಕರಿ ಎಳ್ಳಿನ ಹಾಗೆ ಅವಳ ಅಂಗೈಗೆ ಉದುರಿತು. ಕೊಳವೆಯನ್ನು ಇದ್ದಲ್ಲೇ ನಿಲ್ಲಿಸಿ ಹೊರಬಂದಳು. ಕಣ್ಣಿಗೆ ಪೊರೆ ಬಂದಿದ್ದ ಅಲಿಯಬ್ಬ ತಿರುಗಿ ಬಂದವನು ಕೊಳವೆಯೊಳಗೆ ಇಣುಕಲಿಲ್ಲ. ಮೇಲೆ ಗುಂಡು ಕೂರಿಸಿ ಅದುಮಿದ. ಕಿಟಕಿಯಾಚೆ ನಿಂತು ಅದನ್ನು ನೋಡಿದ ಮೇಲೆ ಜರ್ಟ್ರೂಡ್ ಆ ವಾರದಲ್ಲಿ ಮೊದಲ ಬಾರಿಗೆ ಹೊಟ್ಟೆತುಂಬ ಉಂಡಳು.

ಶುಕ್ರವಾರ ಬೆಳಿಗ್ಗೆ ನಾಸಿರ್ ತಾಯಿಯನ್ನು ಎತ್ತಿ ಕಾರಿನಲ್ಲಿ ಕೂರಿಸಿದ. ಊರಾಚೆಯ ಅವರ ತೋಟಕ್ಕೆ ಪಯಣ. "ಇವತ್ತು ಮನೆಯವರು ಮಾತ್ರ," ಎನ್ನುತ್ತ ಬೀಬಿ ಜರ್ಟ್ರೂಡಳ ಹಣೆಗೆ ಮುತ್ತಿಟ್ಟರು. "ನನ್ನನ್ನು ಚೆನ್ನಾಗಿ ನೋಡಿಕೊಂಡೆ, ಮಗಳೇ."

ಜರ್ಟ್ರೂಡ್ ಅಳಲಿಲ್ಲ. ಕೋವಿಯ ಕುದುರೆ ಎಳೆಯಲಿ. ಏನೂ ಆಗುವುದಿಲ್ಲ. ಸಂಜೆಗೆ ಮನೆಗೆ ಬರುತ್ತಾರೆ.

ಹತ್ತು ಗಂಟೆಗೆ ಅಲಿಯಬ್ಬ ಫೋನು ಹಿಡಿದು ಅಡುಗೆಮನೆಗೆ ಬಂದ. "ನೋಡಿ ಸಿಸ್ಟರ್, ಫೋಟೋ ಬಂತು!"

ಮರಳಿನ ಮೇಲೆ ಒಬ್ಬಳು ಕಡ್ಡಿಯಂಥ ಹುಡುಗಿ, ನಾಸಿರನ ಮಗಳು ನೂರಾ. ಅವಳ ಭುಜಕ್ಕೆ ಆ ಕೋವಿ. ಪಕ್ಕದ ಗಾಲಿಕುರ್ಚಿಯಲ್ಲಿ ಬೀಬಿ, ಬಾಯ್ತುಂಬ ನಗು.

"ಕೋವಿ... ನೂರಾಳಿಗಾ?"

"ಮತ್ತೆ ಯಾರಿಗೆ? ಬರುವ ತಿಂಗಳು ಅಪ್ಪನೊಟ್ಟಿಗೆ ಬೇಟೆಗೆ ಹೊರಟಿದ್ದಾಳೆ. ಅವಳಿಗೆ ಮೊದಲ ಪಾಠ ತಾನೇ ಹೇಳಿಕೊಡಬೇಕು ಅಂತ ಬೀಬಿಗೆ ಹಟ. ಒಂದೇ ಏಟಿಗೆ ಬೀಳಬೇಕು, ಪ್ರಾಣಿ ನರಳಬಾರದು. ಅವರದ್ದು ಯಾವಾಗಲೂ ಅದೇ ಮಾತು."

ಜರ್ಟ್ರೂಡ್ ಬಗ್ಗಿ ಆ ಫೋಟೋವನ್ನು ಮತ್ತೆ ನೋಡಿದಳು. ನಗು, ಅಳು ಒಟ್ಟಿಗೇ ಬಂದವು. ತಾನು ಅಂದುಕೊಂಡಿದ್ದನ್ನೂ ಮಾಡಿದ್ದನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. "ತಪ್ಪಾಯಿತು ಕಾಕಾ. ಪಾಪ, ಹುಡುಗಿಗೆ ಗುಂಡು ಹಾರುವುದಿಲ್ಲ."

ಅಲಿಯಬ್ಬನ ಮುಖ ಬಿಳಿಚಿತು. "ಒಂದರದ್ದೇ ಮದ್ದು ತೆಗೆದದ್ದಾ? ಅದಾದ ಮೇಲೆ ನಾನು ಇನ್ನೂ ನಾಲ್ಕು ತುಂಬಿದ್ದೇನೆ."

"ಹಾಗಾದರೆ ಆ ನಾಲ್ಕು ಸರಿ ಉಂಟಲ್ಲ?"

"ಸಿಸ್ಟರ್, ಮದ್ದಿಲ್ಲದಿದ್ದರೂ ತೋಟೆಯ ಬುಡದ ಕೇಪು ಸಿಡಿಯುತ್ತದೆ. ಗುಂಡು ಅರ್ಧ ದಾರಿ ಹೋಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ... ಯಾ ಅಲ್ಲಾ, ಕೋವಿಯೇ ಒಡೆದು ಹಿಡಿದವರ ಮುಖಕ್ಕೆ ಬರುತ್ತದೆ!"

ಅವಳು ಫೋನು ಕಿತ್ತುಕೊಂಡು ಬೀಬಿಗೆ ಕರೆ ಮಾಡಿದಳು. ಆರನೆಯ ರಿಂಗಿಗೆ ಆ ಕಡೆಯಿಂದ ಬೀಬಿಯ ಉತ್ಸಾಹದ ದನಿ ಬಂತು.

"ಅಲಿಯಬ್ಬಾ! ಮೊದಲನೆಯದು ಬರೀ ಟುಸ್ ಎಂದಿತು. ಹುಡುಗಿ ಹೆದರಿ ಕೋವಿ ಕೆಳಗಿಟ್ಟಳು. ಇರು, ಎರಡನೆಯದನ್ನು ನಾನೇ ಹಾರಿಸಿ ತೋರಿಸುತ್ತೇನೆ. ನೂರಾ, ಈ ಫೋನು ಹಿಡಿದುಕೊಂಡು ದೂರ ನಿಲ್ಲು."

"ಬೇಡ ಬೀಬಿ!" ಎಂದು ಜರ್ಟ್ರೂಡ್ ಚೀರಿದ್ದು ಫೋನು ಹಿಡಿದ ನೂರಾಳಿಗಷ್ಟೇ ಕೇಳಿಸಿತು, ಕೋವಿ ಒಡೆದ ಸದ್ದಿಗಿಂತ ಒಂದು ಗಳಿಗೆ ಮೊದಲು.