ಕಾಡುಕಾಳಿಗೆ ಕರುಣೆ

ಮೂರನೆಯ ಸಲವೂ ಪರೀಕ್ಷೆಯ ಚಿತ್ರದಲ್ಲಿ ಅದೇ ಗೆರೆ. ನೊಯೆಮಿ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಕಾಡು ಬೀನ್ಸಿನ ಡಿಎನ್‌ಎ ನಿಲ್ಲಬೇಕಾದ ಕಡೆ ಒಂದು ಗೆರೆ ಇತ್ತು, ಸರಿ. ಅದರ ಕೆಳಗೆ, ಇರಲೇಬಾರದ ಜಾಗದಲ್ಲಿ, ಇನ್ನೊಂದು ಹೊಳೆಯುತ್ತಿತ್ತು. ಹೊಲದ ಬೀನ್ಸಿನ ಗುರುತು ಅದು.

"ಸತುರ್ನಿನೊ, ನಿನ್ನ ದಮ್ಮಯ್ಯ, ನಿಜ ಹೇಳು. ಮಾದರಿಗಳನ್ನ ಕಲಸಿಬಿಟ್ಟಿದ್ದೀಯಾ?"

"ನೀವೇ ಎದುರಿಗೆ ಕೂತು ಮಾಡಿಸಿದ್ರಲ್ಲ ಡಾಕ್ಟ್ರೇ!" ಪ್ರಯೋಗಾಲಯದ ಸಹಾಯಕ ಕೈಗವಸು ಕಿತ್ತೆಸೆದ. "ಇನ್ನು ನನ್ನನ್ನೇ ಅರೆದು ಆ ಯಂತ್ರಕ್ಕೆ ಹಾಕಿ ನೋಡಿ. ಅಷ್ಟಕ್ಕೂ ಕೆಟ್ಟಿರೋದು ಕೆಲವು ತಾನೇ? ಅವನ್ನ ಬಿಟ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

ಹಾಗೆ ಬಿಡಲು ನೊಯೆಮಿಗೆ ಮನಸ್ಸು ಬರಲಿಲ್ಲ. ಎಲ್ ಪೆದ್ರೆಗಾಲ್ ಕಮರಿಯನ್ನು ಸಿಡಿಸಿ ಕಲ್ಲು ತೆಗೆಯಲು ಕ್ವಾರಿಯವರು ಹೊಂಚು ಹಾಕಿದ್ದರು. ಹೊಲದ ಬೀನ್ಸಿನ ಜೊತೆ ಬೆರೆಯದ ಅಪ್ಪಟ ಕಾಡುಬಳ್ಳಿಗಳು ಅಲ್ಲಿವೆ ಎಂದು ಅರ್ಜಿ ಹಾಕಿ ತಡೆ ತಂದವಳು ಇವಳೇ. ಮುಂದಿನ ವಾರ ವಿಚಾರಣೆ. ಹಿಂದಿನ ವರ್ಷಗಳ ಬೀಜಗಳಲ್ಲೆಲ್ಲ ಒಂಟಿಯಾಗಿದ್ದ ಗೆರೆ ಈಗ ಇದ್ದಕ್ಕಿದ್ದಂತೆ ಜೋಡಿಯಾಗುವುದೆಂದರೇನು? ಆ ಕಮರಿಯ ಸುತ್ತಮುತ್ತ ಒಂದು ಹೊಲವೂ ಇಲ್ಲ! ಮರುದಿನ ಬೆಳಿಗ್ಗೆಯೇ ಗ್ವಾದಲಹಾರಾ ನಗರದಿಂದ ಬಸ್ಸು ಹತ್ತಿದಳು.

ಕಮರಿಯ ಬುಡಕ್ಕೆ ಬಂದವಳು ಅಲ್ಲೇ ನಿಂತುಬಿಟ್ಟಳು. ಕಾಡುಬಳ್ಳಿಗಳ ನಡುವೆ ಯಾರೋ ಅಚ್ಚುಕಟ್ಟಾಗಿ ಕೋಲು ನೆಟ್ಟಿದ್ದರು. ಕೋಲುಗಳಿಗೆ ಹಬ್ಬಿದ ದಪ್ಪ ಬಳ್ಳಿಗಳಲ್ಲಿ ಗೇಣುದ್ದದ ಕಾಯಿ ತೂಗುತ್ತಿದ್ದವು. ಬುಡದಲ್ಲಿ ಕೊಡ ಬಗ್ಗಿಸಿ ನೀರು ಹಾಕುತ್ತಿದ್ದವಳು ಕಮರಿಯ ಬಾಯಲ್ಲೇ ಮನೆಯಿದ್ದ ವಿಧವೆ, ಎಲ್ಲರೂ ಗೌರವದಿಂದ ದೊನ್ಯಾ ಎನ್ನುವ ಫೆಲಿಸಿತಾಸ್.

"ಬಂದ್ಯಾ ಮಗಳೇ! ನೋಡು, ಎಲ್ಲಾ ನಿನಗೇ," ಎಂದಳು ಮುದುಕಿ, ಮುಖವೆಲ್ಲ ನಗುವಾಗಿ. "ಹೋದ ಮಳೇಲೂ ಹಾಕಿದ್ದೆ. ಹೂವೇನೋ ಚೆನ್ನಾಗಿ ಬಿಡ್ತು, ಕಾಯಿ ಬಲಿಯೋಷ್ಟರಲ್ಲಿ ಹಾಳು ಮೇಕೆಗಳು ಮೇಯ್ದುಬಿಟ್ವು. ಈ ಸಲ ಮುಳ್ಳು ಮುಚ್ಚಿದ್ದೀನಿ."

"ನನಗಾ? ಯಾಕೆ?"

"ಯಾಕೆ ಅಂದ್ರೆ? ವರ್ಷಾ ವರ್ಷಾ ಬಂದು ಮುಳ್ಳಲ್ಲಿ ತೆವಳಿ ಆ ಸಾಸಿವೆಯಂಥ ಕಾಳು ಆರಿಸ್ತೀಯ. ಪಾಪ, ಇಷ್ಟು ಓದಿದ ಹುಡುಗಿಗೆ ಸರ್ಕಾರ ಹೊಟ್ಟೆಗೂ ಕೊಡಲ್ವಲ್ಲ ಅಂತ ಕರುಳು ಚುರುಕ್ ಅಂತು. ಅದಕ್ಕೇ ನಮ್ಮನೆ ಕಾಳು ಹಾಕ್ದೆ."

ನೊಯೆಮಿ ಕೋಲಿನ ಬಳ್ಳಿಯಿಂದ ಒಂದು ಕಾಯಿ ಕಿತ್ತು ಸುಲಿದು ನೋಡಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ದೊನ್ಯಾ, ನಾನು ತಿನ್ನೋಕೆ ಆರಿಸ್ತಿರಲಿಲ್ಲ! ಅವು ಯಾವುದರ ಜೊತೆಗೂ ಸೇರಿಲ್ಲ ಅಂತ ತೋರಿಸಬೇಕಿತ್ತು. ನಿಮ್ಮ ಹೂವಿನಿಂದ ದುಂಬಿ ನೇರ ಅವಕ್ಕೆ ಹೋಗಿ ಕೂತಿದೆ. ಎಲ್ಲಾ ಕುಲಗೆಟ್ಟು ಹೋಯ್ತು!"

"ಕುಲಗೆಡೋಕೆ ನನ್ನ ಕಾಳೇನು ಕಳ್ಳರ ಮನೇದಾ?" ಮುದುಕಿ ಕೊಡ ಕುಕ್ಕಿದಳು. "ಹೊಟ್ಟೆಗಿಲ್ಲದವರ ಮುಖ ಹೊತ್ಕೊಂಡು ಬಂದೋಳು ನೀನು. ಒಂದು ಮಾತು ಹೇಳಬಾರದಿತ್ತಾ?"

ಹೌದು, ಹೇಳಬಹುದಿತ್ತು. ವರ್ಷ ವರ್ಷವೂ ಅವಳ ಅಂಗಳದಲ್ಲೇ ನೀರು ಕುಡಿದು ಹೋಗುತ್ತಿದ್ದಳು, ಏನು ಮಾಡುತ್ತಿದ್ದೇನೆಂದು ಒಮ್ಮೆಯೂ ಹೇಳಿರಲಿಲ್ಲ. ಆ ಯೋಚನೆ ಬಂದು ಸಿಟ್ಟು ಇನ್ನೂ ಹೆಚ್ಚಾಯಿತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಇಬ್ಬರೂ ಸೇರಿ ಕೋಲಿಗೆ ಹಬ್ಬಿದ ಬಳ್ಳಿಗಳನ್ನು ಕಿತ್ತರು. ಮುದುಕಿ ಕಿತ್ತ ಬಳ್ಳಿಗಳಿಂದ ಎಳೆಗಾಯಿಗಳನ್ನೂ ಬಿಡದೆ ಬಿಡಿಸಿ ಮಡಿಲಿಗೆ ಹಾಕಿಕೊಂಡಳು. ಬಿಸಾಡಲು ಅವಳಿಗೆ ಕೈ ಬರಲಿಲ್ಲ. ಆಮೇಲೆ ನೊಯೆಮಿ, ಮುದುಕಿ ಎಂದೂ ಹೋಗಿರದ ಮೇಲಿನ ಬಂಡೆಯಂಚಿಗೆ ಹೇಗೋ ಹತ್ತಿ, ಅಲ್ಲಿಯ ಬಳ್ಳಿಗಳ ಎಲೆ ತಂದಳು.

ಮೇಲಿನ ಎಲೆಗಳಲ್ಲಿ ಗೆರೆ ಒಂದೇ ಬಂತು. ವಿಚಾರಣೆಯಲ್ಲಿ ಅವಳು ಬುಡದ್ದು, ಮೇಲಿನದ್ದು ಎರಡು ಚಿತ್ರಗಳನ್ನೂ ಮುಂದಿಟ್ಟಳು, ಸತುರ್ನಿನೊ ಹಣೆ ಚಚ್ಚಿಕೊಂಡರೂ. ತೀರ್ಪೂ ಎರಡು ಹೋಳಾಯಿತು. ಬಂಡೆಯಂಚು ಕಾಡುಬಳ್ಳಿಗೆ, ಕಮರಿಯ ಬುಡ ಕ್ವಾರಿಗೆ.

ಬಂಡೆಯಂಚಿಗೆ ತಂತಿಬೇಲಿ ಬಿಗಿಯುವ ದಿನ ಕೆಳಗೆ ಆಗಲೇ ಕಲ್ಲು ಸಿಡಿಯುತ್ತಿತ್ತು. ದೊನ್ಯಾ ಫೆಲಿಸಿತಾಸ್ ತಲೆವಸ್ತ್ರದ ಮೇಲಿನ ಧೂಳು ಕೊಡವುತ್ತ ಬಂದು, ಬಂಡೆಯ ಕೆಳಗೇ ನಿಂತು ಕತ್ತೆತ್ತಿ ಕೂಗಿದಳು.

"ಕೇಳ್ತೀನಿ ಅಂತ ಬಯ್ಯಬೇಡ. ಆ ಸಣ್ಣ ಕಾಳಲ್ಲಿ ಅಂಥದ್ದೇನಿದೆ?"

ಈ ಸಲ ನೊಯೆಮಿ ಕೆಲಸ ನಿಲ್ಲಿಸಿ ಕೆಳಗಿಳಿದು ಬಂದಳು. "ನೀರು ಹಾಕೋರಿಲ್ಲ, ಹುಳ ಬಿದ್ರೆ ಕೇಳೋರಿಲ್ಲ. ಆದ್ರೂ ಸಾವಿರಾರು ವರ್ಷದಿಂದ ಬದುಕಿವೆ ದೊನ್ಯಾ. ಯಾರ ಕರುಣೆಯೂ ಇಲ್ದೆ ಬದುಕೋ ವಿದ್ಯೆ ಅವಕ್ಕೆ ಗೊತ್ತು. ನಾಳೆ ನಿಮ್ಮ ಕಾಳಿಗೆ ರೋಗ ಬಂದ್ರೆ ಮದ್ದು ಅವುಗಳಲ್ಲೇ ಹುಡುಕಬೇಕು. ಅದಕ್ಕೇ ಬೇಲಿ."

ಮುದುಕಿ ಬೇಲಿಯನ್ನೇ ನೋಡುತ್ತ ನಿಂತಳು. ಕಮರಿಯಲ್ಲಿ ಇನ್ನೊಂದು ಸಿಡಿತಕ್ಕೆ ಅವಳ ಮನೆಯ ಹೆಂಚು ಗಲಗಲ ಅಂದವು.

"ಆ ವಿದ್ಯೆ ನಂಗೂ ಬರುತ್ತೆ ಮಗಳೇ," ಎಂದಳು. "ನನ್ನ ಮನೆ ಸುತ್ತ ಬೇಲಿ ಯಾವಾಗ ಕಟ್ತೀಯಾ?"